ಕಿವಿಯ ಹಿಂದೆ ಬಿಡಬೇಕಾದ ಜಾಗ

ಇಂಚರಾ ಪುಟ್ಟವಳಿದ್ದಾಗ ಕುಸುಮಾ ಅವಳಿಗೊಂದು ಮಾತು ಕೊಟ್ಟಿದ್ದಳು. ವಿಜಯನಗರದ ಛತ್ರವೊಂದರಲ್ಲಿ ಯಾರದೋ ಮದುಮಗಳ ಅಲಂಕಾರ ಮುಗಿಸಿ, ತೂಕಡಿಸುವ ಮಗಳನ್ನು ಸೊಂಟಕ್ಕೇರಿಸಿಕೊಂಡು ಹೊರಟಾಗ ಮಗು ಕೇಳಿತ್ತು, ನಂಗೂ ಹಿಂಗೇ ಮಾಡ್ತೀಯಾ ಅಂತ. ನೀನು ಮದುಮಗಳಾದ ದಿನ ನಿನ್ನ ಮುಖಕ್ಕೆ ನನ್ನ ಕೈ ಬಿಟ್ಟು ಇನ್ನೊಂದು ಕೈ ಮುಟ್ಟಲ್ಲ ಕಣೇ ಎಂದಿದ್ದಳು ಕುಸುಮಾ.

ಆ ಮಗು ಈಗ ಕಾಲೇಜು ಹುಡುಗಿ. ಕುಸುಮಾ ಮದುವೆಮನೆಗಳನ್ನು ಬಿಟ್ಟು ಧಾರಾವಾಹಿಯ ಮೇಕಪ್ಪಿಗೆ ಬಂದದ್ದು ಇತ್ತೀಚೆಗೆ. ಕಣ್ಣು ಮಂಜಾಗಿ ಆ ಕೆಲಸ ಬಿಟ್ಟ ಮುದುಕ ಬೈರಯ್ಯ ತನ್ನ ಬಣ್ಣದ ಪೆಟ್ಟಿಗೆಯನ್ನು ಅವಳಿಗೊಪ್ಪಿಸುವಾಗ, ಕಪ್ಪು ದಾರ ಸುತ್ತಿದ ಡಬ್ಬಿಯೊಂದನ್ನು ತಡವಿ ತೋರಿಸಿದ್ದ. ಹೆಣದ ಬಣ್ಣ. ಯಾವ ಕಂಪನಿಯ ಬಣ್ಣದಲ್ಲೂ ಅಂಥ ಸಾವಿನ ಕಳೆ ಬಾರದು. ಅವನ ಗುರು ತನ್ನನ್ನು ಬೀದಿಗೆ ತಂದ ನಟಿಯೊಬ್ಬಳ ಮೇಲಿನ ಹಗೆಗೆ, ಆ ಬಣ್ಣಕ್ಕೆ ಸ್ಮಶಾನದ ಬೂದಿ ಕಲಸಿ ಮಾಟ ಮಾಡಿಸಿದ್ದನಂತೆ. ನಟಿ ಸತ್ತಳು. ಮಾಟ ಡಬ್ಬಿಯಲ್ಲೇ ಉಳಿಯಿತು.

"ಹಚ್ಚಬೇಡ ಅನ್ನಲ್ಲಮ್ಮ. ಕಿವಿ ಹಿಂದೆ ಮಾತ್ರ ಒಂದು ಬೆರಳಗಲ ಬಿಟ್ಬಿಡು. ಪೂರ್ತಿ ತುಂಬಿದ ಮುಖಾನ ಅದು ವಾಪಸ್ ಕೊಡಲ್ಲ."

"ಸೋಮಾರಿತನಕ್ಕೆ ಬಿಟ್ಟು, ಅದಕ್ಕೊಂದು ಕತೆ ಬೇರೆ ಕಟ್ಟಿದೀರ ಬೈರಣ್ಣ," ಎಂದು ಕುಸುಮಾ ನಕ್ಕಿದ್ದಳು.

ಹೇರೋಹಳ್ಳಿಯ ಮನೆಯೊಂದರಲ್ಲಿ ಚಿತ್ರೀಕರಣ. ಹೊರಗೆ ಸುಡುವ ಮಧ್ಯಾಹ್ನ. ಒಳಗೆ ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದು ರಾತ್ರಿ ಮಾಡಿದ್ದರು. ಊದುಬತ್ತಿಯ ಹೊಗೆ, ಕಾದ ಲೈಟುಗಳ ಕಮಟು, ಗೋಡೆಯಾಚೆ ಜನರೇಟರಿನ ಗೊರಗೊರ. ಹೆಣವಾಗಿ ಮಲಗಬೇಕಿದ್ದ ಹುಡುಗಿ ಕೈಕೊಟ್ಟಿದ್ದಳು. ಅಮ್ಮನಿಗೆ ಊಟ ತಂದಿದ್ದ ಇಂಚರಾಳನ್ನು ನೋಡಿ ನಿರ್ದೇಶಕ ಪುರುಷೋತ್ತಮ, ಇವಳೇ ಆಗಲಿ ಬಿಡಿ ಎಂದ. ಮಗಳು ಕುಣಿದಳು. ಹೊಸ ಕೆಲಸ, ಕುಸುಮಾ ಇಲ್ಲವೆನ್ನಲಿಲ್ಲ.

ಡಬ್ಬಿಯ ಕಪ್ಪು ದಾರ ಬಿಚ್ಚಿದಾಗ ಹಸಿಮಣ್ಣಿನ ವಾಸನೆ ಬಂತು, ಅದರಡಿ ಕರ್ಪೂರದ್ದು. ಹಣೆ, ಕೆನ್ನೆ, ತುಟಿ, ಕತ್ತು. ಬಣ್ಣ ತಾನಾಗಿಯೇ ಹರಡಿಕೊಳ್ಳುತ್ತಿತ್ತು. ನಂಬದಿದ್ದರೂ, ಮಗಳ ಮುಖವೆಂದು, ಕಿವಿಯ ಹಿಂದೆ ಬೆರಳಗಲ ಬಿಟ್ಟಳು.

ಕ್ಯಾಮೆರಾ ಹತ್ತಿರ ಬಂತು. ಮಾನಿಟರಿನಲ್ಲಿ ಆ ಜಾಗ ಎದ್ದು ಕಂಡಿತು.

"ಏನ್ ಮೇಡಂ, ಹೆಣ ಪಾರ್ಲರಿಂದ ಬಂತಾ? ಕಿವಿ ಹಿಂದೆ ಒಳ್ಳೆ ಗ್ಲೋ ಇದೆ," ಎಂದ ಪುರುಷೋತ್ತಮ. ಲೈಟಿನವರೆಲ್ಲ ನಕ್ಕರು. ಕುಸುಮಾಳ ಮುಖ ಬಿಸಿಯಾಯಿತು. ಉಂಗುರದ ಬೆರಳನ್ನು ಡಬ್ಬಿಗೆ ಅದ್ದಿ, ಆ ಜಾಗವನ್ನು ಮುಚ್ಚಿದಳು.

"ಅಮ್ಮ, ನಿನ್ನ ಕೈ ಎಷ್ಟು ತಣ್ಣಗಿದೆ," ಎಂದಳು ಇಂಚರಾ.

ಶಾಟ್ ಒಂದೇ ಸಲಕ್ಕೆ ಓಕೆ ಆಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಇಂಚರಾ ಎದ್ದು ಕುಳಿತು ನಗಲು ನೋಡಿದಳು. ಕೆನ್ನೆ ಮೇಲೇಳಲಿಲ್ಲ. ಚಳಿ ಎಂದಳು.

ಕುಸುಮಾ ಹತ್ತಿಗೆ ಕೊಬ್ಬರಿ ಎಣ್ಣೆ ಹಾಕಿ ಒರೆಸಿದಳು. ಹತ್ತಿ ಬೆಳ್ಳಗೇ ಬಂತು. ಮತ್ತೆ ಒರೆಸಿದಳು. ಬೆಳ್ಳಗೇ. ಕೋಲ್ಡ್ ಕ್ರೀಮ್ ಹಚ್ಚಿದಳು. ಸೋಪು ಹಚ್ಚಿದಳು. ಬೂದು ಬಣ್ಣ ಅಲುಗಲಿಲ್ಲ. ಅದು ಕತ್ತಿನಿಂದ ಕೆಳಗಿಳಿಯುತ್ತಿತ್ತು. ಕುಸುಮಾ ಹಚ್ಚಿರದ ಭುಜಕ್ಕೆ. ತೋಳಿಗೆ. ಬೆರಳ ತುದಿಗೆ.

ಬೈರಯ್ಯನಿಗೆ ಫೋನ್ ಮಾಡಿದಳು.

"ಕಿವಿ ಹಿಂದೆ ಬಿಟ್ಟಿದ್ಯಾ?"

"ಬಿಟ್ಟಿದ್ದೆ. ಆಮೇಲೆ ಮುಚ್ಚಿದೆ." ಆ ಕಡೆ ಮುದುಕ ಅಳುವುದು ಕೇಳಿಸಿತು.

ಫೋನ್ ಎಸೆದಳು. ಮಗಳ ಕಿವಿಯ ಹಿಂದೆ ಉಗುರಿನಿಂದ ಕೆರೆದಳು. ಒಂದು ಬೆರಳಗಲ ಸಾಕು. ಅಷ್ಟೇ ಸಾಕು. ಚರ್ಮ ಕಿತ್ತು ಬಂತು. ರಕ್ತ ಬರಲಿಲ್ಲ. ಅಡಿಯಲ್ಲೂ ಬೂದು.

"ಉರೀತಿದ್ಯಾ ಕಂದಾ? ಹೇಳು, ಉರೀತಿದ್ಯಾ?"

ಇಂಚರಾಳ ಕಣ್ಣು ತೆರೆದೇ ಇತ್ತು. ಜನರೇಟರ್ ನಿಂತಿತು. ಕತ್ತಲು. ಆ ಕತ್ತಲಲ್ಲಿ ಒಂದೇ ಉಸಿರು ಕೇಳಿಸುತ್ತಿತ್ತು. ಅದು ಕುಸುಮಾಳದು.

ಮದುವೆಯಾಗದೆ ಸತ್ತ ಹೆಣ್ಣನ್ನು ಮದುಮಗಳಂತೆ ಸಿಂಗರಿಸಿ ಕಳಿಸುವುದು ಅವರ ಮನೆಯ ಪದ್ಧತಿ. ಮಾರನೆಯ ಬೆಳಗ್ಗೆ ಅತ್ತಿಗುಪ್ಪೆಯ ಮನೆಯಲ್ಲಿ ಹೆಂಗಸರು ಅರಿಸಿನದ ಬಟ್ಟಲು ಹಿಡಿದು ಬಂದರು. ಕುಸುಮಾ ಅವರನ್ನೆಲ್ಲ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡಳು. ಅರಿಸಿನ ಬಳಿದಳು, ಕಾಡಿಗೆ ತೀಡಿದಳು, ಕುಂಕುಮವಿಟ್ಟಳು. ಮಗಳ ಮುಖಕ್ಕೆ ಇನ್ನೊಂದು ಕೈ ಮುಟ್ಟಲಿಲ್ಲ.

ಕೊಟ್ಟ ಮಾತು ನಡೆಯಿತು.