ರಫೂ ಮಾಡದ ತೂತು

ಒಳ್ಳೆಯ ಮನಸ್ಸಿನಿಂದ ಮಾಡಿದ ತಪ್ಪಿಗೆ ಶಿವನೂ ಒಮ್ಮೆಗೇ ಬೈಯಲಾರ. ಶಾಂಭವಿ ಬೈದಳು.

ಕೊಟ್ಟೂರಿನ ಬಸ್ ಸ್ಟ್ಯಾಂಡ್ ಹಿಂದಿನ ಓಣಿಯಲ್ಲಿ ಬೀರಲಿಂಗೇಶನ ರಫೂ ಅಂಗಡಿ. ಎಳೆಗೆ ಎಳೆ ಹೆಣೆದು, ಬಟ್ಟೆ ಹರಿದಿತ್ತೆಂಬ ಗುರುತೇ ಸಿಗದಂತೆ ಮಾಡುವ ಕೈ ಅವನದು. ತೂತಿರುವ ಬಟ್ಟೆ ಅಂಗಡಿಯ ಹೊಸ್ತಿಲು ದಾಟಿ ಹೊರಹೋಗಬಾರದು ಎಂಬುದು ಅವನಪ್ಪ ಹಾಕಿಕೊಂಡ ನೇಮ. ಅಪ್ಪ ಶಿವನ ಪಾದ ಸೇರಿದ ಮೇಲೂ ಮಗ ಅದನ್ನು ಮುರಿದಿರಲಿಲ್ಲ.

ಹೈಸ್ಕೂಲಿನ ಡ್ರಾಯಿಂಗ್ ಟೀಚರ್ ಶಾಂಭವಿ ಒಂದು ಕೌದಿ ತಂದುಕೊಟ್ಟಿದ್ದಳು. ಹಳೆಯ ಸೀರೆಯ ತುಂಡುಗಳನ್ನು ಜೋಡಿಸಿ ತಾನೇ ಹೊಲಿದದ್ದು. ಹಗರಿಬೊಮ್ಮನಹಳ್ಳಿಯಲ್ಲಿ ಹೆಣ್ಣುಮಕ್ಕಳ ಕಲಾಪ್ರದರ್ಶನ. ಗೋಡೆಗೆ ತೂಗುಹಾಕಲು ಮೇಲಂಚಿಗೆ ಒಂದು ಪಟ್ಟಿ ಕೂಡಿಸಿದರೆ ಸಾಕು ಎಂದಿದ್ದಳು. ಅವನು ಪಟ್ಟಿ ಕೂಡಿಸಿದ. ಆದರೆ ನಡುವಿನ ಹಸಿರು ಇಳಕಲ್ ತುಂಡಿನಲ್ಲಿ ಬಿಲ್ವಪತ್ರೆಯಗಲ ಸುಟ್ಟ ತೂತು ಕಂಡು ಸುಮ್ಮನಿರಲಾಗದೆ ಅದನ್ನೂ ರಫೂ ಮಾಡಿ ಮುಚ್ಚಿಬಿಟ್ಟ. ಬ್ಲೌಸ್ ಕೊಡಲು ಬಂದಾಗೆಲ್ಲ ಓರೆನೋಟದಲ್ಲಿ ನಕ್ಕು ಹೋಗುವವಳು, ಇದನ್ನು ಕಂಡು ಕಣ್ಣರಳಿಸಲಿ ಎಂಬ ಆಸೆ ಬೇರೆ.

ಕೌದಿ ಒಯ್ಯಲು ಬಂದವಳ ಕಣ್ಣುಗಳು ಅರಳಲಿಲ್ಲ, ತುಂಬಿದವು.

"ತೂತು ಎಲ್ಲಿ ಹೋತ್ರಿ?"

"ಗುರುತು ಸಿಗಂಗಿಲ್ಲ ನೋಡ್ರಿ," ಎಂದ ಹೆಮ್ಮೆಯಿಂದ.

"ಗುರುತು ಸಿಗ್ಲಿ ಅಂತನ ಇಟ್ಟಿದ್ದೆ."

ಕೌದಿಯ ಮೇಲೆ ಕೈಯಾಡಿಸುತ್ತಲೇ ಅವಳು ಹೇಳಿದಳು. ಅದು ಅವಳ ಮದುವೆಯ ಸೀರೆ. ಹರಪನಹಳ್ಳಿಯ ಗಂಡನ ಮನೆಯಲ್ಲಿ ಗಂಡ ಒಲೆಯ ಕೊಳ್ಳಿ ಹಿರಿದು ಅವಳ ಮಡಿಲಿಗೆ ಒತ್ತಿದ್ದ. ಮನೆಮಂದಿ ಕಿಡಿ ಸಿಡಿಯಿತೆಂದರು, ಸೀರೆ ಬಚ್ಚಿಟ್ಟರು. ಅವಳು ಅದೊಂದನ್ನೇ ಹುಡುಕಿ ತೆಗೆದು, ಕಂಕುಳಲ್ಲಿಟ್ಟುಕೊಂಡು ತವರಿಗೆ ಬಂದಳು. ಕೋರ್ಟಿನಲ್ಲಿ ಗಂಡನಿಂದ ಬಿಡುಗಡೆಯೂ ಆಯಿತು.

"ಮುಚ್ಚಾಕ ಬಾಳ ಮಂದಿ ಬಂದ್ರು," ಎಂದಳು. "ನೀವೂ ಬಂದ್ರಿ."

ಬೀರಲಿಂಗೇಶನ ಹೆಮ್ಮೆಯೆಲ್ಲ ಇಳಿದುಹೋಯಿತು. ಪ್ರದರ್ಶನ ನಾಳೆಯೇ. ಸಂಜೆಯವರೆಗೆ ಕೌದಿ ಬಿಟ್ಟುಹೋಗಿರೆಂದು ಬೇಡಿಕೊಂಡ.

ರಫೂ ಹಾಕುವುದಕ್ಕಿಂತ ಬಿಚ್ಚುವುದು ಕಷ್ಟ. ಸುಟ್ಟ ಅಂಚು ಮುಟ್ಟಿದರೆ ಉದುರುತ್ತದೆ. ಉಸಿರು ಬಿಗಿಹಿಡಿದು ತನ್ನ ಎಳೆಗಳನ್ನಷ್ಟೇ ಒಂದೊಂದಾಗಿ ಹಿಂದೆಗೆದ. ಒಂದು ಕರಿಚೂರೂ ಉದುರಲಿಲ್ಲ. ಕೊನೆಗೆ ಅಪ್ಪನ ಫೋಟೋಕ್ಕೆ ಊದಿನಕಡ್ಡಿ ಬೆಳಗಿ, ಕ್ಷಮಿಸೆಂದು ಕೇಳಿಕೊಂಡು, ತೂತಿನ ಕೌದಿಯನ್ನು ಎದೆಗವುಚಿ ತಾನೇ ಹೊಸ್ತಿಲು ದಾಟಿದ.

ಅವಳ ಮನೆಯ ಕಟ್ಟೆಯ ಮೇಲೆ ಬಿಡಿಸಿ ಹಾಸಿದಾಗ ಶಾಂಭವಿ ತೂತನ್ನು ನೋಡಿದಳು, ಆಮೇಲೆ ಅವನನ್ನು. ಆ ನೋಟ ಎಂದಿನದಕ್ಕಿಂತ ಒಂದು ಗಳಿಗೆ ಹೆಚ್ಚೇ ನಿಂತಿತು.

"ನಾಳಿ ಅಂಗಡಿ ತೆಗಿತೀರೇನ್ರಿ?"

"ಇಲ್ರಿ. ಕೌದಿ ಹೊರಾಕ ಒಬ್ರು ಬೇಕಲ್ಲ."

ಪ್ರದರ್ಶನದಲ್ಲಿ ಹಿರೇಹಡಗಲಿಯಿಂದ ಬಂದಿದ್ದ ಗುರುಬಸಮ್ಮ ಎಂಬ ಮುದುಕಿ ಆ ಕೌದಿಯ ಮುಂದೆ ನಿಂತವಳು ಕದಲಲಿಲ್ಲ. ತೂತಿನ ಕರಿ ಅಂಚನ್ನು ಬೆರಳಿನಿಂದ ಸವರಿದಳು. ಆಮೇಲೆ ಸೆರಗು ಸರಿಸಿ ಮುಂಗೈ ಚಾಚಿದಳು. ಅಲ್ಲಿ ಹಳೆಯ ಸುಟ್ಟ ಕಲೆ.

"ನಂದೂ ಐತವ್ವ," ಎಂದಳು. "ಯಾರಿಗೂ ತೋರ್ಸಿದ್ದಿಲ್ಲ."

ಶಾಂಭವಿ ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡಳು. ದೂರದಲ್ಲಿ ನಿಂತ ಬೀರಲಿಂಗೇಶನಿಗೆ ಉಚ್ಚಂಗೆಮ್ಮನ ಗುಡಿಯಲ್ಲಿ ನಿಂತಂತೆ ಮೈ ನವಿರೆದ್ದಿತು. ಕೈ ಮುಗಿಯೋಣವೆಂದುಕೊಂಡ, ಶಾಂಭವಿಯನ್ನು ದೇವಿ ಮಾಡಿದರೆ ಅವಳು ನಗುತ್ತಾಳೆಂದು ಸುಮ್ಮನಾದ.

ಸೋಮವಾರ ಅವಳು ಹೊಲಿಗೆಯ ಕೂಲಿ ಕೊಡಲು ಬಂದಾಗ ಅವನು ತೆಗೆದುಕೊಳ್ಳಲಿಲ್ಲ. ಬದಲಿಗೆ ತನ್ನದೊಂದು ಅಂಗಿಯನ್ನು ಮುಂದಿಟ್ಟ. ಎದೆಯ ಮೇಲೆ ಹರಿದಿತ್ತು.

"ಊರಿಗೆಲ್ಲ ರಫೂ ಮಾಡೋರು, ನಿಮ್ಮ ಅಂಗಿ ನನಗ್ಯಾಕ್ರಿ?"

"ನನಗ ಮುಚ್ಚಾಕಷ್ಟ ಬರ್ತೈತಿ." ಅವನು ತಲೆಯೆತ್ತಲಿಲ್ಲ. "ನೀವು ಕಾಣೋ ಹಂಗ ಹೊಲೀರಿ."

ಅವಳು ಅಂಗಿ ಎತ್ತಿ ಹರಕನ್ನು ಬೆರಳಿನಿಂದ ಅಳೆದಳು. ಆಮೇಲೆ ದಾರದ ಉಂಡೆಗಳ ನಡುವೆ ಕೈಯಾಡಿಸಿ ಕೆಂಪು ದಾರ ಆರಿಸಿದಳು.

"ಎದ್ದು ಕಾಣ್ತೈತಿ. ಯಾರು ಹೊಲಿದ್ರು ಅಂತ ಮಂದಿ ಕೇಳ್ತಾರ."

"ಕೇಳ್ಲಿ. ಹೇಳ್ತೀನಿ. ಬದುಕಿರೋತನಕ ಹೇಳ್ತೀನಿ."

ಶಾಂಭವಿ ಅದೇ ಓರೆನೋಟದಲ್ಲಿ ನಕ್ಕು, ಅವನ ಸ್ಟೂಲನ್ನೇ ಎಳೆದುಕೊಂಡು ಕೂತಳು. ಸೂಜಿಗೆ ದಾರವನ್ನು ಒಂದೇ ಸಲಕ್ಕೆ ಪೋಣಿಸಿದಳು. ಹರಕು ಕಾಣುವಂತೆ ಅವನು ಅಂಗಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಟ್ಟ.