ನೇರಳೆ ಉಂಗುರದ ಏಳು ಗೆಡ್ಡೆ

ಸಬೀನಾ ಅವನನ್ನು ಮೊದಲ ಸಲ ನೋಡಿದಾಗ ಅವನ ಬಾಯಲ್ಲಿ ಅವಳ ಅಮ್ಮನ ಆಲೂಗೆಡ್ಡೆ ಇತ್ತು!

ಪಿಸಾಕ್ ಸಂತೆ ಮುಗಿಸಿ, ಮೆಕ್ಕೆಜೋಳದ ಹೆಂಡ ಚಿಚಾ ತುಂಬಿದ ಕೊಡ ಹೊತ್ತು ಬೆಟ್ಟ ಹತ್ತಿ ಬಂದಿದ್ದಳು. ಹೊಲದಲ್ಲಿ ಅಗೆತ ಮುಗಿದಿತ್ತು. ಮಣ್ಣಹೆಂಟೆ ಪೇರಿಸಿ ಕಟ್ಟಿದ ಒಲೆಯನ್ನು ಕಾಯಿಸಿ, ಗೆಡ್ಡೆ ತುಂಬಿ, ಒಲೆಯನ್ನೇ ಅದರ ಮೇಲೆ ಕೆಡವಿ ಬೇಯಿಸಿ ತೆಗೆದಾಗಿತ್ತು. ಅಪ್ಪ ಎವಾರಿಸ್ತೊ ಅವರ ಪಕ್ಕದಲ್ಲಿ ಯಾರೋ ಅಪರಿಚಿತ, ಕೈಯೆಲ್ಲ ಮಸಿ ಮಾಡಿಕೊಂಡು, ಕಣ್ಣುಮುಚ್ಚಿ ತಿನ್ನುತ್ತಿದ್ದ.

ಅವನ ಕೈಯಲ್ಲಿದ್ದ ಅರ್ಧ ಗೆಡ್ಡೆಯೊಳಗೆ ನೇರಳೆ ಉಂಗುರ.

ಸಬೀನಾ ಸರ್ರನೆ ಒಲೆಯತ್ತ ತಿರುಗಿದಳು. ಒಲೆಯ ಪಕ್ಕ ಬೆಳಿಗ್ಗೆ ತಾನೇ ಗಂಟುಕಟ್ಟಿ ಇಟ್ಟಿದ್ದ ಅಮ್ಮನ ಕೆಂಪು ಶಾಲು... ಖಾಲಿ!

"ಇದರಲ್ಲಿದ್ದ ಏಳು ಗೆಡ್ಡೆ ಎಲ್ಲಿ?"

ಅವನು ನಗುತ್ತಾ ಎದ್ದ. "ನೀವು ಸಬೀನಾ ಅಲ್ವಾ? ನಾನು ರೆನಾನ್. ಲೀಮಾದಲ್ಲಿ ಅಡುಗೆ ಕೆಲಸ. ಇಲ್ಲಿನ ಊಟ ಕಲಿಯೋಣ ಅಂತ ಬೆಳಿಗ್ಗೆ, ನೀವು ಸಂತೆಗೆ ಹೋದ್ಮೇಲೆ ಬಂದೆ. ಎಷ್ಟು ಚೆಂದ ಇದ್ವು ಅವು! ಹಿರಿಯರಿಗೆ ಅಂತ ಬೇರೆ ತೆಗೆದಿಟ್ಟಿದ್ದೀರಿ ಅಂದ್ಕೊಂಡು, ಬೇಯಿಸಿ ನಿಮ್ಮಪ್ಪನಿಗೇ ಬಡಿಸಿದೆ, ನಾನೂ ರುಚಿ ನೋಡಿದೆ."

"ಬಿತ್ತನೆ ಅದು!" ಅವಳ ಕೂಗಿಗೆ ಮೇಯುತ್ತಿದ್ದ ಲಾಮಾಗಳೂ ತಲೆ ಎತ್ತಿದವು. "ಚೆಂದ ಇರೋದನ್ನ ಯಾರಾದ್ರೂ ತಿಂತಾರೇನ್ರೀ? ನಿಮ್ಮ ಲೀಮಾದಲ್ಲಿ ಒಳ್ಳೇದು ತಟ್ಟೆಗೆ ಹೋಗತ್ತೇನೋ, ಇಲ್ಲಿ ಮಣ್ಣಿಗೆ ಹೋಗತ್ತೆ! ಉಳಿದಿದ್ದು ನಮ್ಮ ಹೊಟ್ಟೆಗೆ!"

"ನನ್ನ ಕಣ್ಣು ಮಂಜು, ಮಗಳೇ..." ಎವಾರಿಸ್ತೊ ತಡವರಿಸಿದರು. "ಬಾಯಿಗೆ ಇಟ್ಟ ಮೇಲೇ ಗೊತ್ತಾಗಿದ್ದು."

ಆ ತಳಿ ಅಮ್ಮನದು. ಈ ಸಲದ ಆಲಿಕಲ್ಲಿಗೆ ಸಿಕ್ಕು ಉಳಿದದ್ದು ಏಳೇ ಗೆಡ್ಡೆ. ಬಿತ್ತನೆಗೆ ಕೊಯ್ಲಿನ ಹೊಗೆ ತಾಗಲಿ ಎಂದು ಅಮ್ಮ ಪ್ರತಿ ವರ್ಷ ಗಂಟನ್ನು ಒಲೆಯ ಪಕ್ಕ ಇಡುತ್ತಿದ್ದಳು. ಮಗಳೂ ಹಾಗೇ ಇಟ್ಟಿದ್ದಳು.

ಅಮ್ಮ ಹೋಗಿ ಐದು ವರ್ಷ. ಇವತ್ತು ಮತ್ತೊಮ್ಮೆ ಹೋದಳು...

ರೆನಾನ್‌ನ ಮುಖ ಬಿಳುಚಿತು. ಗಾಬರಿಯಲ್ಲಿ ಮುಂದಿದ್ದ ಚಿಚಾ ಲೋಟ ಎತ್ತಿ ಗಟಗಟ ಕುಡಿದುಬಿಟ್ಟ.

"ನೋಡಿ, ನೋಡಿ! ಭೂಮಿತಾಯಿಗೆ ನಾಲ್ಕು ಹನಿ ಚೆಲ್ಲದೆ ಕುಡಿಯೋ ಮನುಷ್ಯ! ಅಪ್ಪಾ, ಇವನನ್ನ ಕಳಿಸು!"

ಅಪ್ಪ ಕಳಿಸಲಿಲ್ಲ. ಒಂದು ವಾರಕ್ಕೆಂದು ಮಾತು ಕೊಟ್ಟಿದ್ದರು.

ಮರುದಿನ ಅಂಗಳದಲ್ಲಿ ಗೆಡ್ಡೆ ಆರಿಸುವ ಕೆಲಸ. ರೆನಾನ್ ತಾನೂ ಬಂದು ಕೂತ. ಅವಳು ಅವನತ್ತ ನೋಡದೆ ಗೆಡ್ಡೆಗಳನ್ನು ಮೂರು ರಾಶಿ ಮಾಡುತ್ತಿದ್ದಳು.

"ಆ ರಾಶಿ ಯಾವುದಕ್ಕೆ?"

"ಬಿತ್ತೋಕೆ. ಮುಟ್ಟಬೇಡಿ!"

"ಇದು?"

"ತಿನ್ನೋಕೆ."

"ಈ ಸಣ್ಣವು?"

"ಚುನ್ಯೋಗೆ. ರಾತ್ರಿ ಹಿಮದಲ್ಲಿ ಹೆಪ್ಪುಗಟ್ಟಿಸಿ, ಬೆಳಗಾಗ್ತಿದ್ದ ಹಾಗೆ ತುಳಿದು, ನೀರು ಹಿಂಡಿ ಒಣಗಿಸ್ತೀವಿ. ನಿಮ್ಮನ್ನೂ ಅದರ ಜೊತೆ ಹಾಸಿ ತುಳಿಯೋಣ ಅನ್ನಿಸ್ತಿದೆ!"

ಅವನಿಗೆ ನಗು ಬಂತು. ಅವಳಿಗೂ ಬರುತ್ತಿತ್ತು... ಹಲ್ಲು ಕಚ್ಚಿ ತಡೆದಳು. ಛೆ! ಇವನೆದುರು ನಗುವುದೇ?

ಮಧ್ಯಾಹ್ನ ಚುನ್ಯೋ ಸಾರು ಬಡಿಸಿದಳು. ಒಂದು ಗುಟುಕಿಗೆ ಅವನ ಚಮಚ ನಿಂತುಹೋಯಿತು.

"ಯಾಕೆ, ಮಣ್ಣಿನ ವಾಸನೆನಾ?" ಚುಚ್ಚಿದಳು.

"ನಮ್ಮಜ್ಜಿಯ ವಾಸನೆ," ಎಂದ ಮೆಲ್ಲಗೆ. "ಲೀಮಾದಲ್ಲಿ ಅವಳು ಕದ ಹಾಕ್ಕೊಂಡು ಇದನ್ನ ಬೇಯಿಸ್ಕೊಳ್ತಿದ್ದಳು. ನಾವು ಮಕ್ಕಳು ಮೂಗು ಮುಚ್ಕೊಂಡು ಅಣಕಿಸ್ತಿದ್ವಿ. ಸಾಯೋವರೆಗೂ ನನಗೊಂದು ಗುಟುಕು ಕುಡಿಸೋ ಧೈರ್ಯ ಅವಳಿಗೆ ಬರಲಿಲ್ಲ."

ಸಬೀನಾ ಒಲೆಯತ್ತ ಬಾಗಿದಳು. ಅವನ ಬಟ್ಟಲಿಗೆ ಇನ್ನೊಂದು ಸೌಟು ಸುರಿದಳು. ಸುರಿದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು.

ಆಗಲೇ ಅಪ್ಪ ಬಾಯಿಬಿಟ್ಟರು. "ನಿಮ್ಮಮ್ಮ ತನ್ನ ತಂಗಿ ಹೆರ್ಮೆಲಿಂದಾ ಮದುವೆಗೆ ಆ ಗೆಡ್ಡೆಯನ್ನೇ ಬಿತ್ತನೆಗೆ ಕೊಟ್ಟಿದ್ದಳು. ಲಾರೆಸ್ ಕಣಿವೆಯಲ್ಲಿ ಅವಳ ಹತ್ರ ಇನ್ನೂ ಇರಬಹುದು..."

"ಆ ಹೆಸರು ಎತ್ತಬೇಡ!" ಸಬೀನಾ ಸೌಟನ್ನು ಕುಕ್ಕಿದಳು. "ಸ್ವಂತ ಅಕ್ಕನ ಮಣ್ಣಿಗೆ ಬರದ ಚಿಕ್ಕಮ್ಮನ ಮುಂದೆ ನಾನು ಕೈ ಚಾಚಬೇಕಾ?"

ಮರುದಿನ ಬೆಳಿಗ್ಗೆ ಎದ್ದರೆ ರೆನಾನ್ ಇರಲಿಲ್ಲ. ಅವನ ಚೀಲವೂ ಇರಲಿಲ್ಲ.

"ಓಡಿಹೋದ!" ಎಂದಳು. "ತಿಂದ, ಹಾಳುಮಾಡಿದ, ಓಡಿದ! ಹೇಡಿ!"

ಆದರೆ ಆ ಸಿಟ್ಟಿನ ಅಡಿಯಲ್ಲಿ ಏನೋ ನೋಯುತ್ತಿತ್ತು. ಹೋಗು ಎಂದವಳು ನಾನೇ ಅಲ್ಲವೇ? ಹೋದರೆ ನನಗೇಕೆ ಹೀಗೆ?

ನಾಲ್ಕು ದಿನ ಬೆಕ್ಕಿಗೂ ಬೈದಳು, ಒಲೆಗೂ ಬೈದಳು. ಎವಾರಿಸ್ತೊ ಮೀಸೆಯಡಿ ನಕ್ಕು ಸುಮ್ಮನಿದ್ದರು.

ಐದನೇ ದಿನ ಮಧ್ಯಾಹ್ನ, ಅವಳು ಉಳಿದ ಗೆಡ್ಡೆಗೆ ಮತ್ತೊಂದು ಹೆಂಟೆ ಒಲೆ ಕಟ್ಟುತ್ತಿದ್ದಾಗ, ಕಣಿವೆಯ ಕಡೆಯಿಂದ ಯಾರೋ ಕುಂಟುತ್ತಾ ಬರುವುದು ಕಂಡಿತು.

ರೆನಾನ್!

"ಯಾಕೆ ಬಂದಿರಿ?" ಕೈಯಲ್ಲಿದ್ದ ಹೆಂಟೆಯನ್ನು ಕೆಳಗೆ ಕುಕ್ಕಿದಳು. "ಹೇಳದೆ ಹೋಗೋರು ಹೇಳದೆ ಯಾಕೆ ಬರ್ತಾರೆ?"

"ಹೇಳಿದ್ರೆ ಬಿಡ್ತಿದ್ರಾ? ನಿಮ್ಮಪ್ಪನಿಗೆ ಮಾತ್ರ ಹೇಳಿದ್ದೆ."

ಸಬೀನಾ ಅಪ್ಪನತ್ತ ತಿರುಗಿದಳು. ಅಪ್ಪ ಥಟ್ಟನೆ ಲಾಮಾಗಳನ್ನು ಎಣಿಸತೊಡಗಿದರು.

ರೆನಾನ್ ಎದೆಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿದ. ಒಣಹುಲ್ಲಿನ ನಡುವೆ ಒಂಬತ್ತು ಕಪ್ಪು ಗೆಡ್ಡೆ!

ಅವಳು ಒಂದನ್ನು ಉಗುರಿನಿಂದ ಚೂರೇ ಗೀರಿ ನೋಡಿದಳು. ನೇರಳೆ...

"ಚಿಕ್ಕಮ್ಮ ಸುಮ್ಮನೆ ಕೊಟ್ಟಳಾ?"

"ಎಲ್ಲಿ! ಮೊದಲು ಬೈದರು. ಆಮೇಲೆ ಅವರ ಚುನ್ಯೋ ತುಳಿಸಿದರು, ಎರಡು ಮುಂಜಾನೆ, ಬರಿಗಾಲಲ್ಲಿ. ಮೂರನೇ ದಿನ ಕೂತು ಅತ್ತರು. ನಿಮ್ಮಮ್ಮ ಹೋದಾಗ ಹಿಮ ಬಿದ್ದು ದಾರಿ ಮುಚ್ಚಿತ್ತಂತೆ. ಅರ್ಧ ದಾರಿಯಿಂದ ವಾಪಸ್ ಹೋದರಂತೆ. ನೀವು ಕೇಳಲಿಲ್ಲ, ಅವರು ಹೇಳಲಿಲ್ಲ."

ಸಬೀನಾ ಅವನ ಕಾಲು ನೋಡಿದಳು. ಹಿಮ್ಮಡಿ ಒಡೆದು ರಕ್ತ ಹೆಪ್ಪುಗಟ್ಟಿತ್ತು.

ಐದು ವರ್ಷ ನಾನು ಹೊತ್ತ ಸಿಟ್ಟು ಇಷ್ಟಕ್ಕೇನಾ? ಒಂದು ದಿನದ ದಾರಿ... ಒಂದು ಸಲ ಹೋಗಿದ್ದರೆ ಆಗುತ್ತಿತ್ತಲ್ಲ!

ಅಳು ಉಕ್ಕಿತು. ಅದನ್ನು ಮುಚ್ಚಲು ಮತ್ತೆ ಗದರಿದಳು. "ಕೂತ್ಕೊಳ್ಳಿ! ಈ ಕಾಲಲ್ಲಿ ಯಾರಾದ್ರೂ ನಿಂತಿರ್ತಾರಾ?"

ಬಿಸಿನೀರು ತಂದು ಕಾಲು ತೊಳೆದು, ಲಾಮಾ ಕೊಬ್ಬು ಸವರಿದಳು. ಕಟ್ಟಿದ ಒಲೆ ಕಾಯಿಸಿ, ಕೆಡವಿ, ಬೆಂದ ಗೆಡ್ಡೆಯ ಸಿಪ್ಪೆಯನ್ನು ಬೆರಳಿನಿಂದಲೇ ಸುಲಿದು, ಕಲ್ಲಲ್ಲಿ ಅರೆದ ಹಸಿರು ಖಾರ ಸವರಿ ಅವನ ಕೈಗಿಟ್ಟಳು. ಚಿಚಾ ತುಂಬಿದ ಲೋಟವನ್ನೂ ಕೊಟ್ಟಳು.

ರೆನಾನ್ ಕುಡಿಯಲಿಲ್ಲ. ಮೊದಲು ಬಾಗಿ ನಾಲ್ಕು ಹನಿಯನ್ನು ನೆಲಕ್ಕೆ ಚೆಲ್ಲಿದ.

ಅವಳು ಇನ್ನೊಂದು ಗೆಡ್ಡೆ ಸುಲಿದು ಅವನ ಮುಂದಿಟ್ಟಳು.

"ಸಬೀನಾ... ಒಂದು ಕೇಳ್ಲಾ? ಬೈಬಾರದು."

"ಬೈಯೋದು ನನ್ನಿಷ್ಟ. ಕೇಳಿ."

"ನನ್ನನ್ನ ಯಾವ ರಾಶಿಗೆ ಹಾಕ್ತೀಯ? ತುಳಿಯೋದಂತೂ ನಿನ್ನ ಚಿಕ್ಕಮ್ಮ ತುಳಿಸಿ ಆಯ್ತು."

ಅವಳು ಒಂಬತ್ತು ಗೆಡ್ಡೆಗಳನ್ನೂ ಅಮ್ಮನ ಕೆಂಪು ಶಾಲಿನಲ್ಲಿ ಸುತ್ತಿ ಬಿಗಿಯಾಗಿ ಗಂಟು ಹಾಕಿದಳು. ಆ ಗಂಟನ್ನು ಅವನ ಮಡಿಲಲ್ಲಿಟ್ಟಳು.

"ಬಿತ್ತೋಕೆ ಇನ್ನೂ ನಾಲ್ಕು ತಿಂಗಳಿದೆ. ಅಲ್ಲಿವರೆಗೂ ಇದನ್ನ ಕಾಯೋನು ನೀನೇ." ಕಣ್ಣೊರೆಸಿಕೊಂಡಳು. "ತಿಂದ್ರೆ ಮಾತ್ರ ಕೊಂದುಬಿಡ್ತೀನಿ!"

"ಬಿತ್ತಿದ ಮೇಲೆ?"

"ಕೊಯ್ಲಿಗೆ ಕೈ ಬೇಡ್ವಾ, ಪೆದ್ದಾ?" ಎಂದಳು ಸಬೀನಾ.