ಮೊರೆಗಂಬ ಆರಿದ ದಿನ

ಹುಲಿಗೆಮ್ಮನ ಗದ್ದೆಯಲ್ಲಿ ಮೊರೆಗಂಬ ಕೆಲಸ ಶುರು ಮಾಡಿ ಮೂರು ವಾರವಾಗಿತ್ತು. ಜಿಗಿಹುಳು ರಸ ಹೀರಿದಾಗ ಭತ್ತದ ಪೈರು ಒಂದು ಬಗೆಯ ವಾಸನೆ ಬಿಡುತ್ತದೆ. ಆ ಜಾಡು ಹಿಡಿದು ಹುಳು ತಿನ್ನುವ ಜೇಡ, ತಿಗಣೆಗಳು ಬರುತ್ತವೆ. ಪೈರಿನ ಮೊರೆಯಂತಿರುವ ಅದೇ ವಾಸನೆಯನ್ನು ನೂರು ಪಟ್ಟು ಹೆಚ್ಚಿಸಿ ಹರಡುವುದೇ ಈ ಕಂಬದ ಕೆಲಸ.

"ಕಂಬದ ತಿರುಪು ಐದರ ಮ್ಯಾಲ ಒಯ್ಯಬ್ಯಾಡ್ರಿ ಯವ್ವಾ," ಎಂದಿದ್ದರು ಅದನ್ನು ಕಂಡುಹಿಡಿದ ಡಾ. ಶಮೀನಾ. "ಪಕ್ಕದ ಗದ್ದಿ ಜೇಡಾನೂ ಇಲ್ಲಿಗೇ ಬಂದ್ಬಿಡ್ತಾವ."

ಅವರ ಜೀಪು ತಿರುವು ದಾಟುವ ಮೊದಲೇ ಹುಲಿಗೆಮ್ಮ ಅದನ್ನು ಹತ್ತಕ್ಕೆ ತಿರುಗಿಸಿದ್ದಳು.

ಪಕ್ಕದ ಗದ್ದೆ ಪಂಪಾಪತಿಯದು. ಹೋದ ವರ್ಷ ಅವನು ಹೊಡೆದ ವಿಷ ಕಾಲುವೆಗೆ ಇಳಿದು, ಪೈರಿನ ಸಾಲಿನಲ್ಲಿ ಹುಳು ಹೆಕ್ಕುತ್ತಿದ್ದ ಅವಳ ನಲವತ್ತು ಬಾತುಕೋಳಿಗಳು ಒಂದೇ ಬೆಳಿಗ್ಗೆ ಸತ್ತು ತೇಲಿದ್ದವು. ಕೇಳಲು ಹೋದರೆ, "ಬಿಸಿಲಿಗೆ ಸತ್ತಿರಬೇಕು ಬಿಡಬೇ," ಎಂದು ಹಲ್ಲುಕಡ್ಡಿ ಆಡಿಸಿದ್ದ. ಆ ಮಾತು ಅವಳ ಹೊಟ್ಟೆಯಲ್ಲಿ ಕೆಂಡವಾಗಿ ಉಳಿದಿತ್ತು.

ಈಗ ಅವನ ಪೈರು ಅಲ್ಲಲ್ಲಿ ಸುಟ್ಟಂತೆ ದುಂಡಗೆ ಒಣಗುತ್ತಿತ್ತು. ಜೇಡಗಳಿಲ್ಲದ ಮೇಲೆ ಜಿಗಿಹುಳುಗಳಿಗೆ ಹೇಳುವವರು ಕೇಳುವವರು ಯಾರು? ಎರಡು ಸಲ ವಿಷ ಹೊಡೆದರೂ ಅವು ಜಗ್ಗಲಿಲ್ಲ. ಹುಲಿಗೆಮ್ಮ ದಿನವೂ ಬದುವಿನ ಮೇಲೆ ನಿಂತು ಕಣ್ತುಂಬ ನೋಡಿ, "ಅನುಭವಿಸು ಮಗನ," ಎನ್ನುತ್ತಿದ್ದಳು. ಅವಳಿಗೆ ನಿಜಕ್ಕೂ ಖುಷಿಯಾಗುತ್ತಿತ್ತು.

ಅಷ್ಟರಲ್ಲಿ ಸೀಗಿ ಹುಣ್ಣಿಮೆ ಬಂತು. ಅದು ಭೂತಾಯಿಯ ಸೀಮಂತದ ದಿನ. ಬುಟ್ಟಿ ತುಂಬ ಕಡುಬು, ಪಲ್ಯ ಹೊತ್ತು ತಂದು ಗದ್ದೆಗೆ ಎಡೆಯಾಗಿ ಚರಗ ಚೆಲ್ಲಬೇಕು. ಬಸುರಿಯ ಹತ್ತಿರ ಯಂತ್ರ ತಿರುಗಬಾರದೆಂದು ಅವಳ ಅತ್ತೆ ಆ ದಿನ ಪಂಪ್‌ಸೆಟ್ಟನ್ನೂ ಹಚ್ಚಗೊಡುತ್ತಿರಲಿಲ್ಲ. ಹುಲಿಗೆಮ್ಮ ಕಟ್ಟಳೆ ಮುರಿಯದೆ ಮೊರೆಗಂಬವನ್ನು ಆರಿಸಿದಳು. ಒಂದು ದಿನದಲ್ಲಿ ಏನು ಮಹಾ ಆದೀತು ಎಂದುಕೊಂಡಳು. ಮರುದಿನ ಮತ್ತೆ ಹತ್ತಕ್ಕೇ ಹಚ್ಚಿದಳು.

ವಾರ ಕಳೆದು ಶಮೀನಾ ಬಂದರು. ಹಿಂದೆ ಪಂಪಾಪತಿಯೂ ಇದ್ದ.

"ಕಂಬ ಆರಿಸಿದ್ರೇನು?"

"ಚರಗದ ದಿನ ಅಷ್ಟರೀ ಮೇಡಂ."

"ಅದಕ್ಕ ಮತ್ತ! ನಿಮ್ಮ ಗದ್ದ್ಯಾಗ ಹುಳಾ ಖಾಲಿ. ವಾಸನಿ ನಿಂತ ಕೂಡ್ಲೆ ಹಸಿದ ಜೇಡ, ತಿಗಣಿ ಎಲ್ಲಾ ಇವರ ಗದ್ದಿಗೆ ನುಗ್ಗ್ಯಾವ. ನೀವು ಮತ್ತ ಹಚ್ಚಿದ್ರೂ ಹೊಟ್ಟಿ ತುಂಬೋ ಜಾಗಾ ಬಿಟ್ಟು ತಿರುಗಿ ಬಂದಿಲ್ಲ. ವರ್ಷಾ ವರ್ಷಾ ಆ ಜೇಡ ಇವರ ವಿಷಕ್ಕ ಸಾಯ್ತಿದ್ವು, ಈ ಸಲ ನಿಮ್ಮಲ್ಲಿ ಇದ್ದು ಬದುಕಿದ್ವು. ಮುಕ್ಕಾಲು ಗದ್ದಿ ಉಳೀತು. ಇದಕ್ಕ ಹುಲಿಗೆಮ್ಮ ಪದ್ಧತಿ ಅಂತನೇ ಹೆಸರಿಡ್ತೀನಿ."

ಹುಲಿಗೆಮ್ಮನಿಗೆ ಮೈಯೆಲ್ಲ ಉರಿಯಿತು. ಪಂಪಾಪತಿ ಕೈಮುಗಿದ.

"ಅಕ್ಕಾ, ನನ್ನ ಉಳಿಸಿದಿ. ಏನ್ ಬೇಕು ಕೇಳು."

ನಿನ್ನನ್ನು ಹಾಳು ಮಾಡಲೆಂದೇ ಹಚ್ಚಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

"ನನ್ನ ಬಾತುಕೋಳಿ ಯಾತಕ್ಕ ಸತ್ವು? ಅದೊಂದು ಹೇಳು."

ಪಂಪಾಪತಿ ನೆಲ ನೋಡಿದ. "ನನ್ನ ವಿಷಕ್ಕ," ಎಂದು ಗೊಣಗಿದ.

"ಜೋರಾಗಿ ಹೇಳು."

ಹೇಳಿದ. ಕಾಲುವೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ತಲೆಯೆತ್ತಿ ನೋಡಿದರು. ಹುಲಿಗೆಮ್ಮ ಕಂಬದ ಹತ್ತಿರ ಹೋಗಿ ತಿರುಪನ್ನು ಹತ್ತರಿಂದ ಐದಕ್ಕೆ ಇಳಿಸಿದಳು.